ತೂಕದ ಯಂತ್ರದ ಡಬ್ಬದಲ್ಲಿ ಡ್ಯೂಕ್

ವರ್ಷದ ಹನ್ನೊಂದು ತಿಂಗಳು ಡಚ್ಚಮ್ಮ ಪರದೆ ಬಟ್ಟೆ ಅಳೆಯುತ್ತಾಳೆ; ಬದುಕುವುದು ಡಿಸೆಂಬರಿನಲ್ಲಿ ಮಾತ್ರ. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅವಳು ಕೆಲಸಕ್ಕಿರುವ ನಾಲ್ಕು ಮಹಡಿಯ ಅಂಗಡಿಯವರು ಅವಳ ಕೈಯಿಂದ ಅಳತೆಪಟ್ಟಿ ಕಿತ್ತುಕೊಂಡು, ಕತ್ತರಿ ರಿಬ್ಬನ್ನು ಕೊಟ್ಟು, ಉಡುಗೊರೆ ಕಟ್ಟುವ ಮೇಜಿಗೆ ಅಟ್ಟುತ್ತಾರೆ. ಮೇಜಿನ ಕೆಳಗೊಂದು ಹಲಗೆ. ಹಲಗೆಯ ಮೇಲೆ ಬಣ್ಣದ ಕಾಗದದ ಸುರುಳಿಗಳು, ಸುರುಳಿಗಳ ಹಿಂದೆ ಒಬ್ಬ ಡ್ಯೂಕ್.

ಡ್ಯೂಕ್ ಎಂದರೆ ಕಾದಂಬರಿಯ ಡ್ಯೂಕ್. ಇನ್ನೂರು ವರ್ಷ ಹಿಂದಿನ, ಇಂಗ್ಲೆಂಡಿನ ಜಹಗೀರುದಾರ ಆಸಾಮಿ, ಮೊಣಕಾಲುದ್ದದ ಬೂಟು, ಯಾರಿಗೂ ಹೇಳಿಕೊಳ್ಳದ ದುಃಖ. ಕ್ರಿಸ್‌ಮಸ್ಸಿಗೆ ಅವನ ಬಂಗಲೆಗೆ, ಮಕ್ಕಳಿಗೆ ಪಾಠ ಹೇಳಲು ಬಡ ಹುಡುಗಿಯೊಬ್ಬಳು ಬರುತ್ತಾಳೆ. ಹಿಮ ಬಿದ್ದು ದಾರಿ ಮುಚ್ಚುತ್ತದೆ. ಬಂಗಲೆಯಲ್ಲಿ ಕೋಣೆಗಳಿಗೇನು ಬರವಿಲ್ಲ, ಆದರೆ ಬೆಂಕಿ ಉರಿಯುವುದು ಒಂದರಲ್ಲೇ. ಅಂಗಡಿಯ ಬಾಗಿಲಲ್ಲಿ ಅರ್ಧ ಬೆಲೆಗೆ ರಾಶಿ ಹಾಕುವ ಅಷ್ಟೂ ಪುಸ್ತಕಗಳಲ್ಲಿ ಇದೇ ಕಥೆ. ಡಚ್ಚಮ್ಮನಿಗೆ ಅದರ ಬಗ್ಗೆ ತಕರಾರಿಲ್ಲ.

"ನಮ್ಮನೇಲೂ ದಿನಾ ಅದೇ ಕಥೆ ತಾನೆ? ಅದ್ರಲ್ಲಿ ಬೂಟೂ ಇಲ್ಲ, ಬೆಂಕೀನೂ ಇಲ್ಲ" ಎನ್ನುತ್ತಾಳೆ. ಮನೆಯಲ್ಲಿ ಗಂಡನೇನೋ ಇದ್ದಾನೆ. ಬಸ್ ಡಿಪೋದಿಂದ ಬಂದವನೇ ಟಿವಿಯೆದುರು ಕೂತರೆ ಮಿಸುಕಾಡುವವನಲ್ಲ. ಮಾತು, ಕತೆ, ಜಗಳ ಎಲ್ಲ ಅದರ ಜೊತೆಗೇ. ಡ್ಯೂಕನ ಹೆಂಡತಿಗೆ ಡಚೆಸ್ ಎನ್ನುತ್ತಾರೆ; ಹಾಗೆನ್ನಲು ನಾಲಿಗೆ ಹೊರಳದ ಲಿಫ್ಟಿನವನು ಅವಳಿಗೆ ಡಚ್ಚಮ್ಮ ಎಂದು ಹೆಸರಿಟ್ಟ. ಅವಳು ಅದನ್ನು ಪದವಿಯೆಂದೇ ಸ್ವೀಕರಿಸಿದಳು. ತನ್ನ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ, "ಇದು ಡಚ್ಚಮ್ಮನ ಪುಸ್ತಕ. ಕೇಳದೆ ಮುಟ್ಟಿದವರ ಕೈ ಸೇದಿಹೋಗಲಿ" ಎಂದು ದಪ್ಪಕ್ಷರದಲ್ಲಿ ಬರೆಯುತ್ತಾಳೆ.

ಉಡುಗೊರೆ ಕಟ್ಟುವವಳಿಗೆ ಗಂಡಸರ ಬಂಡವಾಳ ಗೊತ್ತಾದಷ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಂಡತಿಗೆ ಇಸ್ತ್ರಿ ಪೆಟ್ಟಿಗೆ ತರುವವರು, ನೆಲ ಒರೆಸುವ ಯಂತ್ರ ತಂದು ಕೆಂಪು ರಿಬ್ಬನ್ನೇ ಬೇಕೆನ್ನುವವರು. "ಒಳ್ಳೇ ಆಯ್ಕೆ ಸಾರ್, ಕೆಲಸ ಮಾಡ್ತಾ ಮಾಡ್ತಾ ನಿಮ್ಮನ್ನೇ ನೆನೆಸ್ಕೊಳ್ತಾರೆ" ಎಂದು ನಗುನಗುತ್ತಲೇ ಚುಚ್ಚಿ ಕಳಿಸುತ್ತಾಳೆ. ಅವರು ಖುಷಿಯಾಗಿ ಹೋಗುತ್ತಾರೆ, ಅಷ್ಟು ದಪ್ಪ ಚರ್ಮ.

ಅವಳು ಹೆದರುವುದು ಒಬ್ಬನಿಗೆ ಮಾತ್ರ, ಸೂಪರ್‌ವೈಸರಿಗೆ. ಕೆಲಸದ ವೇಳೆಯಲ್ಲಿ ಓದುವುದು ಅವನ ಪ್ರಕಾರ ಕಳ್ಳತನಕ್ಕೆ ಸಮ. ಹೋದ ವರ್ಷ ಷೂ ವಿಭಾಗದವಳೊಬ್ಬಳು ವಾರಪತ್ರಿಕೆ ಬಿಡಿಸಿದ್ದಕ್ಕೆ ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದ. ಡಚ್ಚಮ್ಮನ ಸಂಬಳವೂ ಸೇರಿದರಷ್ಟೇ ಮನೆ ನಡೆಯುವುದು. ಕೆಲಸ ಹೋದರೆ ಯಾವ ಡ್ಯೂಕನೂ ಗಾಡಿ ಕಟ್ಟಿಕೊಂಡು ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಪುಸ್ತಕದಲ್ಲಿ ಡ್ಯೂಕ್ ಇನ್ನೇನು ಬಾಯಿಬಿಡುವುದರಲ್ಲಿದ್ದ, ಹಿಂದಿನಿಂದ ಸೂಪರ್‌ವೈಸರನ ಬೂಟಿನ ಸದ್ದು ಕೇಳಿಸಿತು. ಹಲಗೆಗೆ ಬಗ್ಗುವಷ್ಟು ಹೊತ್ತಿರಲಿಲ್ಲ. ಗೃಹೋಪಯೋಗಿ ವಿಭಾಗದವರು ಮೇಜಿನ ಮೇಲಿಟ್ಟು ಹೋಗಿದ್ದ ಡಬ್ಬವೊಂದು ಬಾಯಿ ತೆರೆದುಕೊಂಡಿತ್ತು. ಪುಟದ ಮೂಲೆ ಮಡಚಿ, ಪುಸ್ತಕವನ್ನು ಅದರೊಳಗೆ ತುರುಕಿ ಮುಚ್ಚಳ ಒತ್ತಿದಳು.

ಸೂಪರ್‌ವೈಸರ್ ಬಂದವನೇ ಅದೇ ಡಬ್ಬದ ಮೇಲೆ ಕೈಯಿಟ್ಟ.

"ಇದು ನಂದು. ನನ್ನೆದುರಿಗೇ ಕಟ್ಟಿ, ಕಾಗದ ಸುಮ್ನೆ ದಂಡ ಮಾಡ್ಬೇಡಿ."

"ಏನು ಸಾರ್ ಇದ್ರಲ್ಲಿ?"

"ತೂಕ ನೋಡೋ ಯಂತ್ರ. ಹೆಂಡ್ತಿಗೆ. ಇತ್ತೀಚೆಗೆ ಸ್ವಲ್ಪ ಊದ್ಕೊಂಡಿದಾಳೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಡಚ್ಚಮ್ಮ ಎಂಥ ಉತ್ತರ ಕೊಡುತ್ತಿದ್ದಳೋ! ಅಂದು ಮಾತ್ರ, ತನ್ನ ಹೆಸರು ಬರೆದ, ಕೊನೆಯ ನಲವತ್ತು ಪುಟ ಬಾಕಿಯಿದ್ದ ಪುಸ್ತಕವನ್ನು ಡಬ್ಬದ ಸಮೇತ ಅವನ ಕಣ್ಣೆದುರೇ ಹೊಳೆಯುವ ಕಾಗದದಲ್ಲಿ ಸುತ್ತಿ, ಮೇಲೊಂದು ಹೂವಿನ ಗಂಟು ಹಾಕಿ ಅವನ ಕೈಗೇ ಕೊಟ್ಟಳು.

ಹಬ್ಬದ ರಜೆಯೆಲ್ಲ ಮುಳ್ಳಿನ ಮೇಲೆ ಕೂತಂತೆ ಕಳೆಯಿತು. ರಜೆ ಮುಗಿದ ದಿನ ಸೂಪರ್‌ವೈಸರ್ ಅವಳನ್ನು ಗೋದಾಮಿಗೆ ಕರೆದಾಗ ಲೆಕ್ಕ ಚುಕ್ತಾ ಮಾಡಲೇ ಎಂದುಕೊಂಡಳು. ಅವನು ಬಾಗಿಲು ಮುಂದೆ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದ:

"ನೀವು ಮನೇಲಿ ಪುಸ್ತಕ ಗಿಸ್ತಕ ಓದೋರಂತೆ, ಲಿಫ್ಟಿನವನು ಹೇಳ್ದ. ಈ ಡ್ಯೂಕ್ ಅಂದ್ರೆ ಏನು ಮಾಡ್ತಾನ್ರೀ?"

ನಿಧಾನವಾಗಿ ವಿಷಯ ಹೊರಬಿತ್ತು. ಯಂತ್ರದ ಜೊತೆ ಕಂಪನಿಯವರೇ ಪುಸ್ತಕ ಉಚಿತ ಕೊಟ್ಟಿದ್ದಾರೆಂದು ಮಹಾಶಯ ತಿಳಿದಿದ್ದ. ಹೆಂಡತಿಯೋ, ಗಂಡನೇ ಹುಡುಕಿ ತಂದನೆಂದು ಹಿಗ್ಗಿ ಹೀರೇಕಾಯಾಗಿದ್ದಳು. ಬಂದ ಹೆಸರನ್ನು ಬಿಟ್ಟುಕೊಡುವ ಪೈಕಿಯೇ ಇವನು? "ಹೌದು, ಓದಿಯೇ ತಂದೆ" ಎಂದು ಬುರುಡೆ ಬಿಟ್ಟಿದ್ದ. ಈಗ ಅವಳು ದಿನಾ ಊಟಕ್ಕೆ ಕೂತಾಗ, ಯಾವ ಭಾಗ ನಿಮಗಿಷ್ಟ, ಯಾಕಿಷ್ಟ ಎಂದು ಕೇಳುತ್ತಿದ್ದಾಳೆ. ಪುಸ್ತಕವನ್ನು ದಿಂಬಿನಡಿಯೇ ಇಟ್ಟುಕೊಂಡಿರುವುದರಿಂದ ಕದ್ದು ನೋಡುವಂತೆಯೂ ಇಲ್ಲ.

ಹೊಟ್ಟೆಯೊಳಗೆ ನಗು ಉಕ್ಕಿದರೂ ಡಚ್ಚಮ್ಮ ಮುಖ ಗಂಟಿಕ್ಕಿಕೊಂಡಳು. ಅಂದಿನಿಂದ ದಿನಾ ಗೋದಾಮಿನಲ್ಲಿ, ಕೆಲಸದ ವೇಳೆಯಲ್ಲೇ, ಕಥಾಕಾಲಕ್ಷೇಪ. ಹೊರಗೆ ಓದಿದವರಿಗೆ ನೋಟೀಸು, ಒಳಗೆ ಇವನು ಗಲ್ಲಕ್ಕೆ ಕೈಕೊಟ್ಟು ಕೂತು ಕೇಳುತ್ತಿದ್ದ. ಅವಳೂ ಸುಮ್ಮನಿರುವ ಪೈಕಿಯಲ್ಲ. "ಡ್ಯೂಕ್ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿಕೊಡ್ತಾನೆ ಸಾರ್, ಅದೇ ಬಹಳ ಮುಖ್ಯವಾದ ಭಾಗ" ಎಂದು ತನ್ನ ಕೈಯಿಂದ ಸೇರಿಸಿದಳು. ಮರುದಿನ ಅವನ ಹೆಬ್ಬೆರಳಿಗೆ ಪಟ್ಟಿ ಬಿದ್ದಿತ್ತು.

ಅದಾದ ಎರಡು ದಿನಕ್ಕೆ ದುಂಡನೆಯ ಹೆಂಗಸೊಬ್ಬಳು ಹೊಸ ವರ್ಷದ ಉಡುಗೊರೆ ಕಟ್ಟುತ್ತಿದ್ದ ಡಚ್ಚಮ್ಮನ ಮೇಜಿನ ಮುಂದೆ ಬಂದು ನಿಂತು, ಚೀಲದಿಂದ ಆ ಪುಸ್ತಕವನ್ನೇ ತೆಗೆದಳು.

"ಡಚ್ಚಮ್ಮ ನೀವೇನಾ? ನಾನು ಸೂಪರ್‌ವೈಸರ್ ಹೆಂಡ್ತಿ."

ಡಚ್ಚಮ್ಮ ಕತ್ತರಿ ಕೆಳಗಿಟ್ಟಳು. "ಅಮ್ಮಾ, ಅದು... ಬೇಕಂತ ಮಾಡಿದ್ದಲ್ಲ..."

"ಡಬ್ಬ ಬಿಚ್ಚಿದ ದಿನಾನೇ ಗೊತ್ತಾಯ್ತು, ಮೊದಲನೇ ಪುಟದಲ್ಲೇ ಶಾಪ ಹಾಕಿದೀರಲ್ಲ. ಡ್ಯೂಕ್ ಎಲ್ಲಾದ್ರೂ ಈರುಳ್ಳಿ ಹೆಚ್ತಾನಾ? ಅದೂ ನಿಮ್ದೇ ಕೆಲಸ ಅಂತ ಗೊತ್ತಾಯ್ತು."

"ಸಾರ್‌ಗೆ ಹೇಳಿದ್ರಾ?"

"ಹುಚ್ಚಾ ನನಗೆ? ನೀವೂ ಹೇಳ್ಬೇಡಿ."

ಹೋದ ಜೀವ ಬಂದಂತಾಯಿತು. ಜೀವ ಬಂದ ಮೇಲೆ ಆಸೆಯೂ ಬಂತು. "ಹಾಗಿದ್ರೆ ಓದಿ ಮುಗಿಸಿದ್ದಾಯ್ತಲ್ಲಮ್ಮ, ಪುಸ್ತಕ ವಾಪಸ್ ಕೊಡ್ತೀರಾ? ಕೊನೇ ನಲವತ್ತು ಪುಟ ಉಳ್ಕೊಂಡಿದೆ ನಂದು."

"ನಂದೂ ಅಷ್ಟೇ ಉಳ್ಕೊಂಡಿದೆ." ಅವಳು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. "ನೀವು ಗುರುತಿಟ್ಟ ಪುಟದಲ್ಲೇ ನಿಲ್ಲಿಸಿದೀನಿ. ಮುಗಿಸಿದೆ ಅಂದ್ರೆ ಅವ್ರು ನನ್ನ ಜೊತೆ ಮಾತಾಡೋದು ನಿಲ್ಲಿಸ್ತಾರೆ. ಇಷ್ಟು ವರ್ಷದಲ್ಲಿ ಊಟಕ್ಕೆ ಕೂತು, 'ನೀನೇನಂತೀಯ' ಅಂತ ಅವ್ರು ಕೇಳಿದ್ದು ಇದೇ ಮೊದ್ಲು."

ಮೇಜಿಗೆ ಬಂದವರಿಗೆಲ್ಲ ಮಾತಿನಲ್ಲಿ ಮುಳ್ಳು ಕಟ್ಟಿ ಕಳಿಸುತ್ತಿದ್ದ ಡಚ್ಚಮ್ಮನಿಗೆ ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಕತ್ತರಿ ಮತ್ತೆ ಕೈಗೆತ್ತಿಕೊಂಡು, "ಇವತ್ತಿಗೆ ಏನು ಹೇಳ್ಲಿ?" ಎಂದಳು.

ಸೂಪರ್‌ವೈಸರನ ಹೆಂಡತಿ ಚೀಲ ಹೆಗಲಿಗೇರಿಸಿದಳು. "ಡ್ಯೂಕ್ ಅವಳನ್ನ ಕರ್ಕೊಂಡು ನಡ್ಕೊಂಡು ಹೋಗ್ತಾನೆ ಅಂತ ಹೇಳಿ. ದೂರ ಬೇಡ, ಪಾರ್ಕಿನ ತನಕ ಸಾಕು."

ಸಂಜೆ ಗೋದಾಮಿನಲ್ಲಿ ಸೂಪರ್‌ವೈಸರ್ ಪಾರ್ಕಿನ ಭಾಗವನ್ನೆಲ್ಲ ಕೇಳಿಸಿಕೊಂಡು, ಪಟ್ಟಿ ಕಟ್ಟಿದ ಬೆರಳು ನೀವಿಕೊಳ್ಳುತ್ತ ಗೊಣಗಿದ:

"ಸುಸ್ತಾಯ್ತು ಕಣ್ರೀ. ಈ ಹಾಳು ಪುಸ್ತಕ ಯಾವಾಗ ಮುಗಿಯುತ್ತೆ?"

"ಸದ್ಯಕ್ಕಂತೂ ಮುಗಿಯಲ್ಲ ಸಾರ್" ಎಂದಳು ಡಚ್ಚಮ್ಮ. "ಬಹಳ ದಪ್ಪ ಪುಸ್ತಕ."