ಹಾಲಿನ ಪಾತ್ರೆಯ ಉದಾಹರಣೆ ನನ್ನದು

ಹೆಬ್ಬಾಳದ ಫ್ಲೈಓವರ್ ದಾಟಿ ಆಫೀಸು ಮುಟ್ಟುವಷ್ಟರಲ್ಲಿ ನನಗೆ ಅರ್ಧ ಸಿಟ್ಟು ಬಂದಿರುತ್ತಿತ್ತು. ಉಳಿದರ್ಧ ಪಕ್ಕದ ಸೀಟಿನವನ ಮುಖ ನೋಡಿದ ಮೇಲೆ. ಅಮೃತಹಳ್ಳಿಯ ಹಳೇ ಮನೆತನದವನು. ಅವರಪ್ಪ ಕಟ್ಟಿಸಿದ ಮನೆಗಳೇ ಒಂದು ಬೀದಿಯಷ್ಟಿವೆ, ಇವನು ಕೆಲಸಕ್ಕೆ ಬರುತ್ತಿದ್ದದ್ದು ಖುಷಿಗೆ. ನಮ್ಮ ತಂಡಕ್ಕೆ ಹೊಸ ಲೀಡ್ ಬೇಕಾಗಿತ್ತು. ಸರದಿ ನನ್ನದು. ಆದರೆ ಮ್ಯಾನೇಜರ್ ಬಾಯಲ್ಲಿ ಮೂರು ಹೊತ್ತೂ ಅವನದೇ ಜಪ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಕಂಪ್ಯೂಟರಿನಲ್ಲಿ ಯಾವ ಗುಂಪಿನವರು ಯಾವ ಫೈಲು ತೆರೆಯಬಹುದು ಎಂದು ನೋಡಿ ಹೇಳುವ ಪ್ರೋಗ್ರಾಂ ನಮ್ಮದು. ಗುಂಪಿನ ವಿವರ ಓದುವ ಭಾಗ ಅವನು ಬರೆದಿದ್ದ. ಹತ್ತೇ ಸಾಲು. 'ಎಷ್ಟು ಚಿಕ್ಕದಾಗಿ ಬರೆದಿದಾನೆ ನೋಡಿ' ಎಂದು ಮ್ಯಾನೇಜರ್ ಎಲ್ಲರಿಗೂ ತೋರಿಸಿದರು. ನಾನು ತಪ್ಪು ಹುಡುಕಲೆಂದೇ ಓದಿದೆ. ಸಿಕ್ಕಿತು. ಅಂದು ಮಧ್ಯಾಹ್ನದ ಊಟ ಬಹಳ ರುಚಿಯಾಗಿತ್ತು.

ಟೀ ಅಂಗಡಿಯ ಮುಂದೆ, ನಾಲ್ಕು ಜನರಿಗೆ ಕೇಳಿಸುವ ಹಾಗೆ ಅವನಿಗೆ ಹೇಳಿದೆ.

'ನಿನ್ನ ಕೋಡು ಹಾಲಿನವನ ಅಳತೆ ಪಾತ್ರೆಯಲ್ಲೇ ಹಾಲು ಕಾಯಿಸೋಕೆ ಹೊರಟಿದೆ ಕಣೋ. ಸಿಸ್ಟಮ್ಮೇ ಹಾಲಿನವನು ಅಂದ್ಕೋ, ಅವನ ಹತ್ರ ಇರೋದು ಅದೊಂದೇ ಪಾತ್ರೆ. ನೀನು ತಿರುಗೋದ್ರೊಳಗೆ ಪಕ್ಕದ ಮನೆಯವರದ್ದು ಅದಕ್ಕೇ ಸುರಿದಿರ್ತಾನೆ. ಒಂದೇ ಹೊತ್ತಿಗೆ ಇಬ್ಬರ ಕೆಲಸ ಬಂದು ಎರಡು ಥ್ರೆಡ್ ಒಟ್ಟಿಗೆ ಕೇಳಿದ್ರೆ ಒಬ್ಬರ ಗುಂಪು ಇನ್ನೊಬ್ಬರಿಗೆ ಹೋಗುತ್ತೆ.'

'ಮತ್ತೆ ಏನ್ಮಾಡ್ಬೇಕು ಅಕ್ಕ?'

'ನಿನ್ನ ಪಾತ್ರೆ ನೀನೇ ತಗೊಂಡು ಹೋಗು. ಚಿಕ್ಕದಾದ್ರೆ ಸಾಲಲ್ಲ ಅಂತಾನೆ. ಒಳಗೆ ಹೋಗಿ ದೊಡ್ಡದು ತಂದು ಮತ್ತೆ ಹಿಡಿ. ನಿನ್ನ ಲ್ಯಾಪ್‌ಟಾಪಲ್ಲಿ ಗುಂಪಿಗೆ ಇಬ್ಬರು ಮೂವರು, ಲೋಟವೇ ಸಾಕು. ಗಿರಾಕಿ ಹತ್ರ ಇಡೀ ಆಫೀಸೇ ಒಂದು ಗುಂಪು.'

ಮುಖ ಸಣ್ಣದು ಮಾಡಿಕೊಳ್ಳುತ್ತಾನೆ ಎಂದು ಕಾದೆ. ಅವನು ನಕ್ಕು, 'ಸೂಪರ್ ಅಕ್ಕ' ಎಂದು ನನ್ನ ಟೀಗೂ ಸೇರಿಸಿ ದುಡ್ಡು ಕೊಟ್ಟ. ಇಂಥವರನ್ನು ಬೈಯುವುದಾದರೂ ಹೇಗೆ?

ಎರಡು ದಿನದಲ್ಲಿ ಸರಿಮಾಡಿದ. ಮೀಟಿಂಗಿನಲ್ಲಿ ಎದ್ದು ನಿಂತು ವಿವರಿಸಿದ. ಅವನ ಮಾತಿನಲ್ಲಿ ಹಾಲಿನವನು ಬಂದ, ಪಾತ್ರೆ ಬಂತು, ಲೋಟ ಬಂತು. ಕೆಂಪಾಪುರದ ನಮ್ಮ ಮನೆ ಬಾಗಿಲಲ್ಲಿ ಅಜ್ಜಿ ಚೊಂಬು ಹಿಡಿದು ನಿಲ್ಲುತ್ತಿದ್ದದ್ದನ್ನು ನೋಡಿ ನಾನು ಕಟ್ಟಿದ ಉದಾಹರಣೆ ಅದು. ಎಲ್ಲರೂ ತಲೆದೂಗಿದರು. ಕೂತಲ್ಲೇ ನನ್ನ ಕಿವಿ ಬಿಸಿಯಾಯಿತು. ಕಳ್ಳ, ಕಳ್ಳ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಎಷ್ಟೋ ದಿನದ ಮೇಲೆ ಅವನನ್ನು ದ್ವೇಷಿಸಲು ಒಂದು ನ್ಯಾಯವಾದ ಕಾರಣ ಸಿಕ್ಕಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಕೇಳಿದರು: 'ಕೇಳಿದ ಗುಂಪೇ ಇಲ್ದಿದ್ರೆ?'

ಅವನು ತಡಬಡಿಸಲಿಲ್ಲ. 'ಅದು ನಂಗೆ ಗೊತ್ತಿಲ್ಲ ಸರ್. ಅಕ್ಕನ್ನೇ ಕೇಳ್ಬೇಕು. ತಪ್ಪು ಹಿಡಿದಿದ್ದೂ ಅವರೇ, ಹಾಲಿನ ಕಥೆನೂ ಅವರದ್ದೇ' ಎಂದ.

ಎಲ್ಲರೂ ನನ್ನತ್ತ ತಿರುಗಿದರು. ಉತ್ತರ ಗೊತ್ತಿತ್ತು, ಹೇಳಿದೆ. 'ಆಗ ಸಿಸ್ಟಮ್ ತಪ್ಪು ಅಂತ ಏನೂ ಹೇಳಲ್ಲ ಸರ್, ಪಾತ್ರೆ ಖಾಲಿ ವಾಪಸ್ ಕೊಡುತ್ತೆ. ಒಳಗೆ ಏನಾದ್ರೂ ಇದೆಯಾ ಅಂತ ನೋಡಿ ಆಮೇಲೆ ಒಲೆ ಮೇಲೆ ಇಡ್ಬೇಕು.' ಚಪ್ಪಾಳೆ ಬಿತ್ತು. ಮೊದಲು ತಟ್ಟಿದವನು ಅವನೇ.

ಮುಂದಿನ ವಾರ ಅವನನ್ನು ಲೀಡ್ ಮಾಡಿದರು. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಸಮಾಧಾನವಾಗಿ ಹೇಳಿದರು: 'ನಿಮಗೆ ಅವನಿಗಿಂತ ಜಾಸ್ತಿ ಗೊತ್ತು, ಇಲ್ಲ ಅನ್ನಲ್ಲ. ಆದ್ರೆ ಅವತ್ತು ನೋಡಿದ್ರಲ್ಲ, ಇನ್ನೊಬ್ಬರ ಕೆಲಸಾನ ಇನ್ನೊಬ್ಬರದ್ದು ಅಂತ ಎದ್ದು ನಿಂತು ಹೇಳೋ ಗುಣ. ಲೀಡ್‌ಗೆ ಬೇಕಾಗಿರೋದು ಅದೇ.'

ಅವನು ಉದಾಹರಣೆಯನ್ನು ಕದ್ದುಕೊಂಡೇ ಹೋಗಿದ್ದರೆ ಆ ಜಾಗ ನನಗೆ ಸಿಗುತ್ತಿತ್ತೋ ಏನೋ. ಸಂಜೆ ಸಿಹಿ ಹಂಚಿದ. ಮೊದಲ ಪೇಡ ನನ್ನ ಕೈಗೇ ಇಟ್ಟ. ಹಾಳಾದ್ದು, ಚೆನ್ನಾಗಿಯೇ ಇತ್ತು.