ಆನೆಗುಂಡಿನ ಬಳಿ ನಿಂತುಹೋದ ಬ್ಯಾಟರಿ ಬೆಳಕು

ಇದು ನಾನು ಕಂಡದ್ದು. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ. ಓದಿ ನಗುವವರು ಇರುತ್ತಾರೆ, ನಗಲಿ. ಎಳ್ಳಮಾವಾಸ್ಯೆಯ ರಾತ್ರಿ ಸಿದ್ದಾಪುರದ ಗುಡ್ಡದ ಹಿಂದೆ ಒಬ್ಬರೇ ಮಲಗೆದ್ದು ಬಂದು ನಗಲಿ. ಆಗ ನಾನೂ ಜೊತೆಗೆ ಕೂತು ನಗುತ್ತೇನೆ.

ನಾನು ಮತ್ತು ತಿಪ್ಪಮ್ಮ ವಾರಗಿತ್ತಿಯರು. ಅವಳ ಗಂಡ ನನ್ನ ಗಂಡನ ತಮ್ಮ. ಗಂಡಸರಿಬ್ಬರೂ ಹೋಗಿಯಾಗಿದೆ. ಉಳಿದದ್ದು ಒಂದು ಕುರಿಮಂದೆ, ಅದರ ಮೇಲೆ ನಮ್ಮಿಬ್ಬರ ಕಣ್ಣು. ಹಿರಿಯವಳು ನಾನು, ಮೊದಲು ಆರಿಸುವವಳು ನಾನೇ ಎಂದು ನನ್ನ ವಾದ. ಮಳೆ ಚಳಿಯಲ್ಲಿ ಕಾಯ್ದವಳು ನಾನು ಎಂದು ಅವಳ ವಾದ. ಅವಳು ನನ್ನನ್ನು ಅಕ್ಕ ಎಂದು ಕರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಎದುರು ಬಂದರೆ "ಏಯ್" ಅನ್ನುತ್ತಿದ್ದಳು. ಬೆನ್ನ ಹಿಂದೆ ಏನನ್ನುತ್ತಿದ್ದಳೋ, ಅದನ್ನು ಇಲ್ಲಿ ಬರೆಯಲಾಗುವುದಿಲ್ಲ.

ಕೊನೆಗೆ ಹಟ್ಟಿಯ ಯಜಮಾನರು ಪಾಲು ಮಾಡಿಕೊಡಲು ಒಪ್ಪಿದರು. ನಮ್ಮಲ್ಲಿ ಒಂದು ಪದ್ಧತಿ ಇದೆ. ಪಾಲಿನ ಹಿಂದಿನ ರಾತ್ರಿ ಎರಡೂ ಕಡೆಯವರು ಮಂದೆಯ ಪಕ್ಕದಲ್ಲೇ ಇರಬೇಕು. ಒಳ್ಳೆಯ ಕುರಿ ಹೊರಗೆ ಸಾಗಿಸಿ ಬಡಕಲನ್ನು ಒಳಗೆ ತಳ್ಳಬಾರದು, ಅದಕ್ಕೆ. ಬೆಳಿಗ್ಗೆ ಕುರಿ ಕಮ್ಮಿಯಾಗಿದ್ದರೆ, ಯಾರ ಕಾವಲಿನಲ್ಲಿ ಹೋಯಿತೋ ಅವರೇ ಕಳ್ಳರು. ಆಮೇಲೆ ಅವರಿಗೆ ಆರಿಸುವ ಹಕ್ಕಿಲ್ಲ. ಎದುರಿನವರು ಬಿಟ್ಟದ್ದನ್ನು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಹೋಗಬೇಕು.

ಕಾವಲು ಹಂಚಿಕೊಳ್ಳುವುದು ಚುಕ್ಕಿ ನೋಡಿ. ಫೋನಿನ ಗಂಟೆಯನ್ನು ಯಾರೂ ಒಪ್ಪುವುದಿಲ್ಲ. ಫೋನು ಒಬ್ಬರ ಕೈಯಲ್ಲಿರುತ್ತದೆ, ತಿರುಚಬಹುದು. ಆಕಾಶವನ್ನು ಯಾರು ತಿರುಚುತ್ತಾರೆ? ಹೇಂಟೆಯ ಸುತ್ತ ಮರಿ ಕೂತ ಹಾಗೆ ಒಂದು ಚುಕ್ಕಿಗುಂಪಿದೆ. ಓದಿದವರು ಕೃತ್ತಿಕೆ ಅನ್ನುತ್ತಾರೆ. ಆಂಧ್ರದ ಅಂಚಿನವರಾದ ನಾವು ತೆಲುಗಿನ ಹಾಗೆ ಪಿಲ್ಲಲಕೋಡಿ ಅನ್ನುತ್ತೇವೆ, ಮಾತಿನಲ್ಲಿ ಬರೀ ಕೋಡಿ. ಅದು ಪಡುವಣ ಗುಡ್ಡದ ಮೇಲಿನ ದೊಡ್ಡ ಬಂಡೆಗೆ, ಆನೆಗುಂಡಿಗೆ, ತಾಗುವವರೆಗೆ ನನ್ನ ಕಾವಲು. ಅಲ್ಲಿಂದ ಬೆಳಕಾಗುವವರೆಗೆ ತಿಪ್ಪಮ್ಮನದು.

"ಕೋಡಿ ಗುಂಡಿಗೆ ತಾಗಿದ್ ಮ್ಯಾಲೆ ಎಬ್ಬಿಸು. ಅದಕ್ಕೂ ಮೊದ್ಲು ಎಬ್ಬಿಸಿದ್ರೆ ಏಳಲ್ಲ ನಾನು," ಎಂದು ಅವಳು ಕಂಬಳಿ ಎಳೆದುಕೊಂಡಳು.

"ನಿನ್ನ ಎಬ್ಬಿಸೋದಕ್ಕಿಂತ ಕೆಸರಾಗೆ ಮಲಗಿರೋ ಎಮ್ಮೆನ ಎಬ್ಬಿಸಬೋದು. ಮಲಗು."

"ಮಲಗಿದ್ರೂ ಒಂದು ಕಣ್ಣು ನಿನ್ ಮ್ಯಾಲೇ ಇರ್ತೈತೆ."

"ಇನ್ನೊಂದು ನನ್ನ ಟಗರಿನ ಮ್ಯಾಲೆ. ಗೊತ್ತೈತೆ ಬಿಡು."

"ನನ್ ಟಗರು," ಅಂದಳು. ಅಷ್ಟರಲ್ಲೇ ಗೊರಕೆ.

ನಾನು ಬೆಂಕಿಗೆ ಎರಡು ದಪ್ಪ ಕೊರಡು ಹಾಕಿ ಕೂತೆ. ಮುಳ್ಳುಬೇಲಿಯ ರೊಪ್ಪದೊಳಗೆ ಕುರಿಗಳು ಮೆಲುಕು ಹಾಕುತ್ತಿದ್ದವು. ಹಿಕ್ಕೆಯ ವಾಸನೆ, ಹೊಗೆಯ ವಾಸನೆ. ದೇವಸಮುದ್ರದ ಕಡೆ ಯಾವುದೋ ಲಾರಿ ಏರು ಹತ್ತುವ ಸದ್ದು. ನಾಯಿ ಕರಿಯ ನನ್ನ ಕಾಲ ಬಳಿ ಮುದುಡಿತ್ತು. ಪಿಲ್ಲಲಕೋಡಿ ತನ್ನ ಪಾಡಿಗೆ ಇಳಿಯುತ್ತಿತ್ತು...

ಆನೆಗುಂಡಿನ ಮೇಲುಗಡೆ, ಆಕಾಶದಲ್ಲಿ ಒಂದು ಮೊರದಗಲ ಜಾಗದಲ್ಲಿ ಚುಕ್ಕಿಗಳಿಲ್ಲ ಎಂದು ಆಗ ಕಂಡಿತು.

ಮೋಡ ಅಂದುಕೊಂಡೆ. ಆದರೆ ಮೋಡಕ್ಕೆ ಅಂಚು ಹರಿದಿರುತ್ತದೆ. ಇದು ಬಟ್ಟಲಿಟ್ಟು ಕೊರೆದ ಹಾಗೆ ದುಂಡಗಿತ್ತು. ಅದರ ಪಕ್ಕದಲ್ಲಿ ಅಮಾವಾಸ್ಯೆಯ ಆಕಾಶ ಬೂದಿ ಬಣ್ಣ ಕಾಣುತ್ತಿತ್ತು, ಅಷ್ಟು ಕಪ್ಪು.

ದಿಟ್ಟಿಸಿ ನೋಡಿದೆ. ಅಂಚಿನ ಚುಕ್ಕಿಗಳು ಸುತ್ತುತ್ತಿದ್ದವು. ಬೀಸುಕಲ್ಲಿನ ಬಾಯಿಗೆ ರಾಗಿ ಹಾಕಿದಾಗ ಕಾಳು ಹೇಗೆ ಸುತ್ತಿ ಸುತ್ತಿ ಒಳಗೆ ಬೀಳುತ್ತದೆ, ಹಾಗೆ. ಒಂದು ಚುಕ್ಕಿ ನೂಲಿನಂತೆ ಉದ್ದವಾಯಿತು, ಬಳಸಿ ಬಂತು, ಇಲ್ಲವಾಯಿತು. ಆಮೇಲೆ ಇನ್ನೊಂದು...

ಮೆಲುಕಿನ ಸದ್ದು ನಿಂತಿತು.

ಇಡೀ ಮಂದೆಯ ಬಾಯಿ ಒಟ್ಟಿಗೆ ನಿಂತಿತು. ಜೀರುಂಡೆಯೂ ಇಲ್ಲ. ನನ್ನ ಕಿವಿಯೊಳಗಿನ ರಕ್ತದ ಸದ್ದು ಮಾತ್ರ. ಕರಿಯ ಹೊಟ್ಟೆಯನ್ನು ನೆಲಕ್ಕೆ ಒತ್ತಿ ತೆವಳಿಕೊಂಡು ಬಂದು ನನ್ನ ಸೀರೆಯೊಳಗೆ ತಲೆ ತುರುಕಿತು. ಎರಡು ಬೆಣಚುಕಲ್ಲು ಉಜ್ಜಿದರೆ ಒಂದು ವಾಸನೆ ಬರುತ್ತದಲ್ಲ, ಅದು ಗುಡ್ಡದಿಂದ ಇಳಿದು ಬಂತು. ಜೊತೆಗೆ ಸುಟ್ಟ ಉಣ್ಣೆಯ ವಾಸನೆ.

ಪಿಲ್ಲಲಕೋಡಿ ಕೆಳಗಿಳಿಯುವುದು ಬಿಟ್ಟು ಅಡ್ಡಕ್ಕೆ ಸರಿಯಿತು. ಮೊದಲು ಮರಿಗಳು, ಆಮೇಲೆ ಹೇಂಟೆ. ಸುತ್ತಿ, ಉದ್ದವಾಗಿ, ಒಳಗೆ.

ಈಗ ನನ್ನ ಕಾವಲು ಮುಗಿಯುವುದು ಹೇಗೆ? ತಿಪ್ಪಮ್ಮನನ್ನು ಎಬ್ಬಿಸಿದರೆ, ಹೊತ್ತಿಗೆ ಮುಂಚೆ ಎಬ್ಬಿಸಿದಳು, ಏನೋ ಮಸಲತ್ತು ಮಾಡಿದಳು ಎಂದು ಯಜಮಾನರ ಮುಂದೆ ಕೂಗುತ್ತಾಳೆ. ಚುಕ್ಕಿ ತೋರಿಸು ಅಂದರೆ ಏನು ತೋರಿಸಲಿ? ಹಲ್ಲು ಕಚ್ಚಿ ಕೂತೆ. ಆ ತೂತು ಈಗ ಮೊರಕ್ಕಿಂತ ದೊಡ್ಡದಾಗಿ, ಗುಂಡಿನ ನೆತ್ತಿಗೆ ಇಳಿದಿತ್ತು.

ಕುರಿಗಳು ಎದ್ದು ನಿಂತವು. ಎಲ್ಲದರ ಮುಖ ಆ ಕಡೆಗೇ. ಟಗರು ರೊಪ್ಪದ ಬಾಯಿಗಿಟ್ಟ ಮುಳ್ಳುಕೊಂಬೆಯನ್ನು ತಲೆಯಿಂದ ನೂಕಿ ಹೊರಬಿತ್ತು. ಹಿಂದೆ ಅರ್ಧ ಮಂದೆ. ಒಂದೂ ಅರಚಲಿಲ್ಲ. ಗೊರಸಿನ ಸದ್ದೂ ಕೇಳಲಿಲ್ಲ. ನಾನು ಕೊಂಬೆ ಎಳೆದು ಉಳಿದವನ್ನು ತಡೆದು ಕೂಗಿಕೊಂಡೆ.

ತಿಪ್ಪಮ್ಮ ಎದ್ದಳು. ಎದ್ದ ಕೂಡಲೇ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವುದು ಅವಳ ಚಾಳಿ. ಹಾಕಿಕೊಂಡು ಬ್ಯಾಟರಿ ಹಚ್ಚಿ ರೊಪ್ಪ ನೋಡಿದಳು.

"ಅರ್ಧ ಮಂದೆ ಎಲ್ಲಿ?"

"ಗುಡ್ಡ ಹತ್ಯಾವೆ."

"ಕೋಡಿ ಎಲ್ಲೈತೆ?"

"ಇಲ್ಲ. ಮ್ಯಾಲೆ ನೋಡು, ಅದು ತಿಂದೈತೆ."

ಅವಳು ಮೇಲೆ ನೋಡಲಿಲ್ಲ. ನನ್ನ ಮುಖಕ್ಕೇ ಬೆಳಕು ಬಿಟ್ಟಳು. "ತಿಂದಿರೋಳು ನೀನು. ಗಾಡಿ ಎಲ್ಲಿ ನಿಲ್ಸಿದೀಯ, ಗುಡ್ಡದ ಆ ಕಡೆನಾ? ಬೆಳಗಾಗೋದ್ರೊಳಗೆ ಚಳ್ಳಕೆರೆ ಸಂತೆನಾ?"

"ತಿಪ್ಪಿ, ಹೋಗಬ್ಯಾಡ. ಕುರಿ ಹೋದ್ರೆ ಹೋಗ್ಲಿ."

"ಹೋಗ್ಲಿ ಅಂತೀಯ. ನಿಂದಾಗಿದ್ರೆ ಅಂತಿದ್ಯಾ?"

ಸೆರಗು ಹಿಡಿದೆ. ಬ್ಯಾಟರಿಯಿಂದಲೇ ನನ್ನ ಮಣಿಕಟ್ಟಿಗೆ ಹೊಡೆದು ಹೊರಟಳು.

ಆನೆಗುಂಡು ದೂರವೇನಿಲ್ಲ, ಕವಣೆ ಬೀಸಿದರೆ ಕಲ್ಲು ತಲುಪುತ್ತದೆ. ಅವಳು ಬಿರಬಿರನೆ ಹತ್ತಿದಳು. ಗುಂಡಿನ ಹತ್ತಿರ ಹೋಗಿ ಹಿಂದಕ್ಕೆ ತಿರುಗಿದಳು, ಬೆಳಕು ನನ್ನ ಕಡೆ ಬಂತು. ನನ್ನನ್ನು ಬೈಯಲು ಬಾಯಿ ತೆರೆದಳು. ಆ ಬಾಯಿ ನನಗೆ ಚೆನ್ನಾಗಿ ಗೊತ್ತು.

ಹಾಗೇ ನಿಂತಳು.

ಒಂದು ಕಾಲು ಎತ್ತಿದ್ದಳು, ಅದು ಕೆಳಗಿಳಿಯಲಿಲ್ಲ. ಗಾಳಿಗೆ ಹಾರಿದ ಸೆರಗು ಹಾರಿದಲ್ಲೇ ನಿಂತಿತು. ಬಿಳಿಯಿದ್ದ ಬ್ಯಾಟರಿ ಹಳದಿಯಾಯಿತು, ಆಮೇಲೆ ಕೆಂಪು, ಬೀಡಿಯ ತುದಿಯಂತೆ. ಅಲ್ಲಿಂದ ಒಂದು ಸದ್ದು ಬರುತ್ತಿತ್ತು. ಬಾವಿಯ ತಳದಲ್ಲಿ ಯಾರೋ ಗುಂಯ್ ಅಂದ ಹಾಗೆ... ಎಳೆದು ಎಳೆದು... ಉಸಿರೇ ತೆಗೆದುಕೊಳ್ಳದೆ.

ಕಲ್ಲು ಎಸೆದೆ. ಕಲ್ಲು ಹೋಯಿತು, ಬಿದ್ದ ಸದ್ದು ಬರಲಿಲ್ಲ.

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೂ ಸುಮ್ಮನೆ ನೋಡುತ್ತಾ ನಿಲ್ಲಲಾಗಲಿಲ್ಲ. ಹಗ್ಗದ ಒಂದು ತುದಿಯನ್ನು ಜಾಲಿಯ ಬುಡಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದು ಹತ್ತಿದೆ. ಸ್ವಲ್ಪ ದೂರ ಹೋಗುತ್ತಿದ್ದಂತೆ ಕಾಲು ಭಾರವಾಯಿತು. ಪಾದವನ್ನು ಯಾರೋ ಮುಂದಕ್ಕೆ ಎಳೆಯುತ್ತಿದ್ದಾರೆ, ತಲೆ ಹಿಂದೆ ಉಳಿದಿದೆ, ನಡುವೆ ಮೈ ಹಿಂಜಿಹೋಗುತ್ತಿದೆ, ಹಾಗೆ. ಇನ್ನೊಂದು ಹೆಜ್ಜೆ ಇಟ್ಟೆ. ತಲೆಯ ಮೇಲೆ ಉಳಿದಿದ್ದ ಚುಕ್ಕಿಗಳೆಲ್ಲ ಒಮ್ಮೆಲೇ ಪಡುವಣಕ್ಕೆ ಜಾರಿದವು.

ಹಗ್ಗ ಹಿಡಿದು ಹಿಂದಕ್ಕೆ ಬಿದ್ದೆ. ತೆವಳಿ ಬಂದು ನೋಡಿದರೆ ಬೆಂಕಿ ಇಲ್ಲ. ಕೊರಡು ಎರಡೂ ಉರಿದು ಮುಗಿದಿದ್ದವು. ಬೂದಿಗೆ ಕೈ ಇಟ್ಟೆ, ತಣ್ಣಗಿತ್ತು. ನಾನು ಹೋಗಿದ್ದು ನಾಲ್ಕು ಉಸಿರಿನಷ್ಟು ಹೊತ್ತು.

ಮತ್ತೆ ಹೋಗಲಿಲ್ಲ. ಕರಿಯನ ಕೊರಳು ಹಿಡಿದು ಕೂತೆ. ಬೆಳಕು ಹರಿಯಿತು. ತೂತು ಯಾವಾಗ ಹೋಯಿತೋ ಕಾಣಲಿಲ್ಲ.

ಟಗರು ಮೊದಲು ಇಳಿದು ಬಂತು. ಹಿಂದೆ ಹೋದ ಕುರಿಗಳೆಲ್ಲ ಬಂದವು, ಒಂದೂ ತಪ್ಪಿರಲಿಲ್ಲ. ಕೊನೆಗೆ ತಿಪ್ಪಮ್ಮ.

"ಅಕ್ಕ, ಆಗ್ಲೇ ಬೆಳಕಾಯ್ತಾ?" ಅಂದಳು. "ಈಗ ತಾನೆ ಹೋದ್ನಲ್ಲ."

ಬಾಯಲ್ಲಿ ಎಲೆಅಡಿಕೆ ಇತ್ತು. ಎಲೆ ಇನ್ನೂ ಹಸಿರು. ಅಡಿಕೆ ಒಡೆದಿರಲಿಲ್ಲ.

ಆದರೆ ನನ್ನ ಬೆನ್ನು ತಣ್ಣಗಾದದ್ದು ಅದಕ್ಕಲ್ಲ. ಅವಳು ಅಕ್ಕ ಅಂದಿದ್ದಳು.

ಯಜಮಾನರು ಬಂದರು. ಹರಿದ ಬೇಲಿ ನೋಡಿದರು. ಇವಳು ಈಗ ಬಾಯಿ ತೆಗೆಯುತ್ತಾಳೆ, ನನ್ನ ಮಾನ ಹೋಯಿತು ಎಂದು ಸೆರಗು ಬಿಗಿದು ಕಾದೆ.

"ಅಕ್ಕ ಆರಿಸ್ಕೊಳ್ಳಲಿ. ಉಳಿದಿದ್ದು ನಂಗೆ ಸಾಕು," ಅಂದಳು.

"ಏನ್ ತಿಪ್ಪಮ್ಮ, ನಾಲಿಗೆ ಗುಡ್ಡದ ಮ್ಯಾಲೆ ಬಿಟ್ ಬಂದ್ಯಾ?" ಎಂದು ಯಜಮಾನರು ನಕ್ಕರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ನಗಲಿಲ್ಲ.

ಟಗರು ನನಗೆ ಬಂತು. ಒಳ್ಳೆಯ ಕುರಿಗಳೆಲ್ಲ ನನಗೇ ಬಂದವು. ಬೇಕೆಂದು ವರ್ಷಗಟ್ಟಲೆ ಬಡಿದಾಡಿದ್ದು ಕೈಗೆ ಸಿಕ್ಕಿತು. ಮನೆಗೆ ಬಂದು ಕದ ಹಾಕಿಕೊಂಡು ಕೂತೆ.

ಅವಳದು ಪಕ್ಕದ ಮನೆ. ಅಂದಿನಿಂದ ಜಗಳ ಇಲ್ಲ. ನನ್ನ ಕೋಳಿಗಳು ಅವಳು ಒಣಗಲು ಹಾಕಿದ ಶೇಂಗಾ ಕೆದರುತ್ತವೆ, ನೋಡುತ್ತಾ ನಿಲ್ಲುತ್ತಾಳೆ. ಬೇಕೆಂದೇ ಕೆಣಕಿ ನೋಡಿದ್ದೇನೆ, ಅವಳ ಸತ್ತ ಗಂಡನನ್ನು ಎತ್ತಿ ಬೈದಿದ್ದೇನೆ. "ಹೌದಕ್ಕ" ಅನ್ನುತ್ತಾಳೆ. ಒಂದೇ ಒಲೆಯ ಹೊಗೆ ಕುಡಿದವರು ನಾವು. ತಿಪ್ಪಮ್ಮ ಹಾಗೆ ಅನ್ನುವವಳಲ್ಲ.

ನಮ್ಮಣ್ಣನ ಮೊಮ್ಮಗಳು ಗೀತಾ ಚಳ್ಳಕೆರೆಯಲ್ಲಿ ಕಾಲೇಜು ಓದುತ್ತಾಳೆ. ಅವಳನ್ನು ಕೇಳಿದೆ. ತಿಪ್ಪಮ್ಮನ ಮಾತು ಎತ್ತದೆ, ಆಕಾಶದ ತೂತಿನ ಬಗ್ಗೆ ಮಾತ್ರ.

"ಕಪ್ಪು ರಂಧ್ರ ಅಂತಾರಜ್ಜಿ. ಸತ್ತ ನಕ್ಷತ್ರ. ಬೆಳಕನ್ನೂ ನುಂಗ್ತೈತೆ," ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಕೆಂಡದ ಬಳೆ, ನಡುವೆ ಕಪ್ಪು.

"ಇದು ನಮ್ಮ ಗುಡ್ಡದತ್ರ ಬರ್ತೈತಾ?"

"ಬಂದಿದ್ರೆ ನೀನೂ ಇರ್ತಿರ್ಲಿಲ್ಲ, ಗುಡ್ಡನೂ ಇರ್ತಿರ್ಲಿಲ್ಲ. ನಮ್ಮ ಬಸ್ಸಿನ ಕಂಡಕ್ಟರೂ ಇರ್ತಿರ್ಲಿಲ್ಲ, ಒಳ್ಳೇದಾಗ್ತಿತ್ತು," ಎಂದು ನಕ್ಕಳು.

"ಅದರ ಹತ್ರ ಹೋದೋರು?"

"ದೂರ ನಿಂತು ನೋಡೋರಿಗೆ, ಹೋದೋರು ಅಂಚಿನಾಗೆ ನಿಂತುಬಿಟ್ಟಂಗೆ ಕಾಣ್ತಾರೆ. ಕೆಂಪಗಾಗ್ತಾ, ಮಸುಕಾಗ್ತಾ. ಆದ್ರೆ ಅವ್ರು ನಿಂತಿರಲ್ಲ ಅಜ್ಜಿ, ಒಳಗೆ ಹೋಗಿರ್ತಾರೆ."

"ಒಳಗೆ ಹೋದೋರು ವಾಪಸ್ ಬರ್ತಾರಾ?"

"ಯಾರೂ ಬರಲ್ಲ. ಯಾಕಜ್ಜಿ, ಮುಖ ಯಾಕೆ ಹಂಗಾಯ್ತು?"

ಚಹಾ ಇಡು ಹೋಗು ಅಂದೆ.

ಪಿಲ್ಲಲಕೋಡಿ ಮಾರನೇ ರಾತ್ರಿಯೇ ತನ್ನ ಜಾಗದಲ್ಲಿತ್ತು. ಗುಡ್ಡ ಇದೆ, ಗುಂಡು ಇದೆ. ಆದರೆ ಅಮಾವಾಸ್ಯೆಯ ರಾತ್ರಿ ಅಲ್ಲಿಗೆ ಹೋದರೆ ಗುಂಡಿನ ಪಕ್ಕ ಒಂದು ಕೆಂಪು ಚುಕ್ಕಿ ಕಾಣುತ್ತದೆ, ಆಳೆತ್ತರದಲ್ಲಿ. ಕಿವಿಗೊಟ್ಟರೆ ಆ ಸದ್ದೂ ಇದೆ. ಎರಡೂ ಪ್ರತಿ ಸಲ ಇಷ್ಟಿಷ್ಟೇ ಕಮ್ಮಿಯಾಗುತ್ತಿವೆ. ನಾನು ಕೆಳಗೆ ನಿಂತು "ತಿಪ್ಪಿ" ಎಂದು ಕರೆದು ಬರುತ್ತೇನೆ. ಹತ್ತಿರ ಹೋಗುವುದಿಲ್ಲ. ಇದನ್ನು ಬರೆಯುವವರೆಗೆ ಯಾರಿಗೂ ಹೇಳಿರಲಿಲ್ಲ.

ಮೊನ್ನೆ ಸಂಜೆ ಪಕ್ಕದ ಮನೆಯವಳು ಸಾರಿನ ಪಾತ್ರೆ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಅಕ್ಕ," ಅಂದಳು ಮೆತ್ತಗೆ, "ಗುಡ್ಡದತ್ರ ಹೋಗಿ ಯಾರ್ನ ಕರೀತೀಯ? ನಾನು ಇಲ್ಲೇ ಇದೀನಲ್ಲ."

ನಾನು ಕದವನ್ನು ಅರ್ಧ ಮುಂದೂಡಿದೆ.

"ಬರೋ ಅಮಾಸೆಗೆ ನಾನೂ ಬರ್ತೀನಿ. ಇಬ್ರೂ ಹೋಗನ."

ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ಹೋದಳು. ಅದು ಇನ್ನೂ ಅಲ್ಲೇ ಇದೆ. ಕರಿಯ ಮೂಸಿಯೂ ನೋಡಿಲ್ಲ.