ಖಾಲಿ ಮೈದಾನಕ್ಕೆ ಕಾಕಾ ಕೊಟ್ಟ ದನಿ

ಹೋದ ವಾರ ಕೆಮ್ಮು ಹಿಡಿದುಕೊಂಡಿತ್ತು. ಕಷಾಯ ಮಾಡೋಣವೆಂದು ಪೇಟೆಗೆ ಹೋಗಿ ಜ್ಯೇಷ್ಠಮಧು ಕೇಳಿದೆ. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದ. ಸಿಹಿಯೋ ಮಣ್ಣೋ ಹೇಳಲಾಗದ ಆ ವಾಸನೆ ಒಮ್ಮೆಲೇ ಮೂಗಿಗೆ ಬಂತು. "ಕಿತೀ ದೇಊ, ವಹಿನೀ?" ಎಷ್ಟು ಕೊಡಲಿ ಎಂದು ಅವನು ಕೇಳುತ್ತಲೇ ಇದ್ದ. ನಮ್ಮ ಪಕ್ಕದ ಮನೆಯ ಕಾಕಾ ಆ ಬೇರಿನ ತುಂಡನ್ನು ದವಡೆಗೆ ಒತ್ತಿಕೊಂಡು, ಗಂಟಲು ಸರಿಮಾಡಿಕೊಂಡು, ಮೈಕಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದದ್ದು ಕಣ್ಣ ಮುಂದೆ ಬಂದುಬಿಟ್ಟಿತ್ತು...

ನಾನು ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಸೊಸೆಯಾಗಿ ಬಂದಾಗ ಕಾಕಾ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದರು. ಆಜರಾ, ಚಂದಗಡ, ಕೋವಾಡ ಎಂದು ಇಡೀ ದಿನ ಮೈಕಿನಲ್ಲಿ ಬಸ್ಸು ಕೂಗಿ ಪಳಗಿದ ದನಿ ಅದು. ಕೋವಾಡದ ಬಸ್ಸು ಇವತ್ತು ಬರುವುದಿಲ್ಲ ಎಂಬುದನ್ನೂ ಅವರು ಹೇಳಿದರೆ ಸಿಟ್ಟು ಬರುತ್ತಿರಲಿಲ್ಲ. ದೀಪಾವಳಿ ಬಂದರೆ ಅದೇ ದನಿ ನಮ್ಮ ಮನೆಯ ಹಿಂದಿನ ಮೈದಾನಕ್ಕೆ ಬರುತ್ತಿತ್ತು. ಬೇರೆ ಊರುಗಳಲ್ಲಿ ಹಬ್ಬಕ್ಕೆ ಏನು ಮಾಡುತ್ತಾರೋ ಗೊತ್ತಿಲ್ಲ, ನಮ್ಮಲ್ಲಿ ಫುಟ್‌ಬಾಲ್ ಆಡುತ್ತಾರೆ. ಚಕ್ಕುಲಿ, ಉಂಡೆಯ ಫರಾಳದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಗಂಡಸರು ಮೈದಾನಕ್ಕೆ ಓಡುತ್ತಾರೆ. ಕಾಕಾ ಕಾಮೆಂಟ್ರಿ ಹೇಳುತ್ತಿದ್ದರು. ಮರಾಠಿಯಲ್ಲಿ ಹೊರಟ ವಾಕ್ಯ ಗೋಲಿನ ಹತ್ತಿರ ಬರುವಷ್ಟರಲ್ಲಿ ಕನ್ನಡವಾಗಿರುತ್ತಿತ್ತು. "ಬಘಾ ಮಂಡಳಿ, ಬಘಾ... ಹೊಡದಾ ನೋಡ್ರಿ!" ಎಂದು ಅವರು ಕೂಗಿದರೆ ಅಡುಗೆಮನೆಯಲ್ಲಿದ್ದ ನನ್ನ ಕೈಯೂ ನಿಲ್ಲುತ್ತಿತ್ತು.

ಅವರ ಒಬ್ಬನೇ ಮಗ ಪ್ರವೀಣ. ಊರಿಗೆಲ್ಲ ಅವನು ಪವ್ಯಾ. ನಮ್ಮ ಓಣಿಯ ತಂಡದಲ್ಲಿ ಬಲಗಡೆ ಆಡುತ್ತಿದ್ದ. ಕೊಲ್ಲಾಪುರದ ಹತ್ತಿರದ ಶಿರೋಳಿಯ ಒಂದು ಫೌಂಡ್ರಿಯಲ್ಲಿ ಕೆಲಸ, ಅಲ್ಲೇ ರೂಮು. ರಜೆ ಸಿಕ್ಕರೆ ಬೈಕಿನಲ್ಲಿ ಊರಿಗೆ ಬಂದವನು ಮನೆಗೆ ಹೋಗುವ ಮೊದಲು ಮೈದಾನಕ್ಕೆ ಹೋಗುತ್ತಿದ್ದ. ಅವನು ಬಂದಿದ್ದಾನೆ ಎಂಬುದು ಅವನ ತಾಯಿ ಕಾಕಿಗೆ ಗೊತ್ತಾಗುತ್ತಿದ್ದದ್ದು ಹೊರಗಿನ ಹುಡುಗರ ಕೂಗಿನಿಂದ. ಕಾಕಿ ಮಾತ್ರ ಒಂದು ದಿನವೂ ಆಟ ನೋಡಿದವರಲ್ಲ. "ಅಂವಾ ಬೀಳೂದು ನನಗ ನೋಡಾಕ ಆಗೂದಿಲ್ಲವ್ವಾ" ಎನ್ನುತ್ತಿದ್ದರು. ಮಗ ಬಿದ್ದನೋ ಎದ್ದನೋ ಅವರಿಗೆ ತಿಳಿಯುತ್ತಿದ್ದದ್ದು ಗಂಡನ ಕಾಮೆಂಟ್ರಿಯಿಂದಲೇ. ತಂದೆಯಾದರೂ ಕಾಕಾ ಮಗನಿಗೆ ಒಂದು ಶಬ್ದ ಹೆಚ್ಚು ಖರ್ಚು ಮಾಡುತ್ತಿರಲಿಲ್ಲ. ತಪ್ಪು ಪಾಸ್ ಕೊಟ್ಟರೆ ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದರು.

ಆಮೇಲೆ ಆ ರೋಗ ಬಂತು. ಮೈದಾನದ ಗೇಟಿಗೆ ಬಿದಿರು ಕಟ್ಟಿದರು. ಮುಚ್ಚಿದ ಫೌಂಡ್ರಿ ಮತ್ತೆ ಶುರುವಾದಾಗ ಪವ್ಯಾ ಶಿರೋಳಿಗೆ ಹೋದ. ಗಣಪತಿ ಹಬ್ಬದ ಸುಮಾರಿಗೆ ಅವನಿಗೆ ಜ್ವರ ಬಂದಿದೆ ಎಂದು ಫೋನು ಬಂತು. ಕೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದರು. ಕಾಕಾ ಹೋದರು, ಆದರೆ ಒಳಗೆ ಬಿಡಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಕೂತು ಮಗನಿಗೆ ಫೋನಿನಲ್ಲಿ ಧೈರ್ಯ ಹೇಳುತ್ತಿದ್ದರಂತೆ. ನಂತರ ಫೋನು ಎತ್ತುವವರೇ ಇರಲಿಲ್ಲ...

ಎಲ್ಲವೂ ಕೊಲ್ಲಾಪುರದಲ್ಲೇ ಮುಗಿದುಹೋಯಿತು. ನಮ್ಮ ಜನರಲ್ಲಿ ಮಣ್ಣು ಮಾಡುವುದು ಪದ್ಧತಿ. ಅವನನ್ನು ಅಲ್ಲಿ ಸುಟ್ಟರು. ಕಾಕಾ ದೂರದಿಂದ ನೋಡಿದ್ದು ಬಿಳಿ ಪ್ಲಾಸ್ಟಿಕ್ಕಿನ ಗಂಟೊಂದನ್ನು ಮಾತ್ರ. ಕಾಕಿಗೆ ಅದೂ ಇಲ್ಲ. ಅವರಿಗೂ ರೋಗ ತಗುಲಿ ಮನೆಯಲ್ಲೇ ಬಾಗಿಲು ಹಾಕಿಕೊಂಡಿದ್ದರು. ನಾವು ಊಟ ತಂದು ಅವರ ಕಟ್ಟೆಯ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದೆವು. ಅಪ್ಪಿಕೊಂಡು ಅಳುವ ಹಾಗಿರಲಿಲ್ಲ. ಕಿಟಕಿಯ ಆಚೆ ಅವರು, ಈಚೆ ನಾನು. "ಒಂದ ಮುಟಿಗಿ ಮಣ್ಣ ಸೈತ ಹಾಕಲಿಲ್ಲ ತಂಗಿ ನಾ" ಎಂದು ಅವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಕಾಕಾ ಏನೂ ಮಾತಾಡುತ್ತಿರಲಿಲ್ಲ. ಆ ದನಿ ಎಲ್ಲಿ ಹೋಯಿತೋ... ಹಾಲಿನವನಿಗೂ ಕೈಸನ್ನೆಯಲ್ಲೇ ಉತ್ತರ.

ಆ ದೀಪಾವಳಿಗೆ ಆಟ ಇರಲಿಲ್ಲ. ಚಳಿ ಇಳಿಯುವ ಹೊತ್ತಿಗೆ ರೋಗ ಕಡಿಮೆಯಾಯಿತು. ಪ್ರೇಕ್ಷಕರಿಲ್ಲದೆ ಆಡುವುದಾದರೆ ಆಡಿ ಎಂದು ಪರವಾನಗಿ ಸಿಕ್ಕಿತು. ಟಿವಿಯಲ್ಲಿ ಖಾಲಿ ಸ್ಟೇಡಿಯಮ್ಮುಗಳಲ್ಲಿ ಕ್ರಿಕೆಟ್ ನಡೆದದ್ದನ್ನು ಎಲ್ಲರೂ ನೋಡಿದ್ದರು. ನಮ್ಮ ಹುಡುಗರಿಗೂ ಕಾಲು ತುರಿಸುತ್ತಿತ್ತು. ಆದರೆ ಪವ್ಯಾನ ಮನೆಯವರನ್ನು ಕೇಳದೆ ಹೇಗೆ ಆಡುವುದು? ಒಂದು ರವಿವಾರ ಬೆಳಿಗ್ಗೆ ತಂಡದ ಕ್ಯಾಪ್ಟನ್ ನಾಲ್ಕಾರು ಹುಡುಗರನ್ನು ಕರೆದುಕೊಂಡು ಬಂದು ಕಾಕಾನ ಅಂಗಳದಲ್ಲಿ ನಿಂತ. ನಾನು ನಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ.

"ಕಾಕಾ, ನೀವು ಬ್ಯಾಡ ಅಂದ್ರ ಈ ವರ್ಷ ನಾವು ಚೆಂಡು ಮುಟ್ಟೂದಿಲ್ಲ" ಎಂದ ಕ್ಯಾಪ್ಟನ್.

ಕಾಕಾ ನೆಲ ನೋಡುತ್ತ ಕೂತಿದ್ದರು. ಮಾತಾಡಿದ್ದು ಬಾಗಿಲಲ್ಲಿ ನಿಂತಿದ್ದ ಕಾಕಿ.

"ಬ್ಯಾಡ. ಮೈದಾನ ಖಾಲಿ ಇರೂತನಕ ಯಾರ ಮಕ್ಕಳೂ ಅಲ್ಲಿಲ್ಲ. ನಾಳೆ ಆಟ ಚಾಲೂ ಆತಂದ್ರ ನಮ್ಮಂವ ಒಬ್ಬನ ಇರೂದಿಲ್ಲ. ಅದನ್ನ ನಾ ಹೆಂಗ ತಡಕೊಳ್ಳಲೋ ತಮ್ಮಾ?"

ಹುಡುಗರು ತಿರುಗಿ ಹೊರಟಿದ್ದರು. ಆಗ ಕಾಕಾ ಬಾಯಿಬಿಟ್ಟರು. ಎಷ್ಟೋ ದಿನದಿಂದ ಮಾತಾಡದ ಗಂಟಲು, ತುಕ್ಕು ಹಿಡಿದ ಬಾಗಿಲಿನಂತೆ ಕೇಳಿಸಿತು.

"ಆಡ್ರಿ. ಇವರೂ ನಮ್ಮ ಮಕ್ಕಳ ಅದಾರಲ್ಲ... ಮನ್ಯಾಗ ಕೂತು ಕೂತು ಮಾರಿ ನೋಡು ಹೆಂಗ ಆಗ್ಯಾವ ಇವರ್ದು. ಅಂವಾ ಹೋಗ್ಯಾನ, ಅವನ ಸಂಗಾಟ ಆಟಾನೂ ಹೋತಂದ್ರ ನನಗ ಅವನ ನೆನಪು ಮಾಡ್ಕೊಳ್ಳಾಕ ಜಾಗಾನ ಉಳಿಯೂದಿಲ್ಲ."

ಕಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂದಿನಿಂದ ಅವರಿಬ್ಬರ ನಡುವೆ ಮಾತು ನಿಂತಿತು. ಕಾಕಿ ಗೋಡೆಯ ಮೇಲಿಂದ ನನ್ನನ್ನು ಕೂಗಿ, "ತಂಗಿ, ಊಟಾ ಆರಾಕತ್ತೈತಿ ಅಂತ ಅವರಿಗೆ ಹೇಳು" ಎನ್ನುತ್ತಿದ್ದರು. ಕಾಕಾ ಕೂತಿರುತ್ತಿದ್ದದ್ದು ಅದೇ ಮನೆಯ ಕಟ್ಟೆಯ ಮೇಲೆ. ನಾನು ಇಲ್ಲಿಂದ ಹೇಳುತ್ತಿದ್ದೆ, ಅವರು ಎದ್ದು ಒಳಗೆ ಹೋಗುತ್ತಿದ್ದರು. ನಗು ಬರಬೇಕಾದ ವಿಷಯ. ಇಬ್ಬರ ಮುಖ ನೋಡಿದರೆ ನಗು ಬರುತ್ತಿರಲಿಲ್ಲ.

ಆಟಕ್ಕೆ ಇನ್ನೊಂದು ತೊಡಕು ಬಂತು. ಆಟಗಾರರು, ರೆಫರಿ ಬಿಟ್ಟು ಯಾರೂ ಮೈದಾನದೊಳಗೆ ಬರುವಂತಿಲ್ಲ, ವಯಸ್ಸಾದವರಂತೂ ಬೇಡವೇ ಬೇಡ ಎಂದು ನಿಯಮ. ಕಾಕಾ ನಮ್ಮ ಯಜಮಾನರ ಹತ್ತಿರ ಬಂದು ನಿಂತರು. "ನಿಮ್ಮ ಮಾಳಗಿ ಮ್ಯಾಲಿಂದ ಎಲ್ಲಾ ಕಾಣತೈತಲ್ಲ?" ಅಷ್ಟೇ ಕೇಳಿದ್ದು. ಮರುದಿನ ನಮ್ಮ ನೀರಿನ ಟಾಕಿಗೆ ಧ್ವನಿವರ್ಧಕದ ಕರ್ಣೆ ಕಟ್ಟಿದರು.

ಆ ಮಧ್ಯಾಹ್ನ ಮೈದಾನದ ಸುತ್ತಲಿನ ಎಲ್ಲ ಮನೆಗಳ ಮಾಳಿಗೆಗಳೂ ತುಂಬಿದ್ದವು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕುರ್ಚಿ ಹಾಕಿಕೊಂಡು ಕೂತಿದ್ದರು ಜನ. ಕೆಳಗೆ ಹುಡುಗರು ಕೈ ಕುಲುಕಲಿಲ್ಲ. ದೂರದಿಂದಲೇ ಕೈಮುಗಿದರು. ಚೆಂಡಿಗೂ ಔಷಧಿ ಹೊಡೆದು ಒರೆಸಿದರು. ಆಟಕ್ಕೆ ಮೊದಲು ತೀರಿಹೋದವರಿಗೆ ಎರಡು ನಿಮಿಷ ಮೌನ ಎಂದು ಕಾಕಾನೇ ಮೈಕಿನಲ್ಲಿ ಹೇಳಿದರು. ದನಿ ಅಲುಗಲಿಲ್ಲ. ನಾನು ಅವರ ಹಿಂದೆಯೇ ನಿಂತಿದ್ದೆ. ಮೈಕಿಗೆ ಕಟ್ಟಿದ ಕರವಸ್ತ್ರವನ್ನು ಎಡಗೈಯಿಂದ ಹಿಂಡುತ್ತಿದ್ದದ್ದು ಮಾತ್ರ ಕಾಣುತ್ತಿತ್ತು.

ಆಟ ಶುರುವಾಯಿತು. ನಿಧಾನವಾಗಿ ಹಳೆಯ ಕಾಕಾ ಮರಳಿ ಬಂದರು. ಗೋಲ್‌ಕೀಪರನಿಗೆ ಬೈದರು, ರೆಫರಿಯನ್ನು ಕೆಣಕಿದರು. ಮಾಳಿಗೆಗಳ ಮೇಲೆ ನಗು ಎದ್ದಿತು. ಎಷ್ಟು ತಿಂಗಳಾದ ಮೇಲೆ ಅಷ್ಟು ಜನ ಒಟ್ಟಿಗೆ ನಕ್ಕದ್ದು! ನಾನೂ ಪಕ್ಕದ ಮನೆಯ ಮುಚ್ಚಿದ ಕಿಟಕಿಗಳನ್ನು ಮರೆತಿದ್ದೆ.

ವಿರಾಮದ ನಂತರ ನಮ್ಮ ತಂಡದವರು ಚೆಂಡನ್ನು ಬಲಗಡೆಗೆ ಎತ್ತಿ ಹೊಡೆದರು. ಅಲ್ಲಿ ಪವ್ಯಾನ ಜಾಗದಲ್ಲಿ ಹೊಸ ಹುಡುಗ ಆಡುತ್ತಿದ್ದ. ಚೆಂಡು ಎದೆಯ ಮೇಲೆ ತೆಗೆದುಕೊಂಡು ಓಡಿದ. ಕಾಕಾ ಕುರ್ಚಿಯಿಂದ ಎದ್ದರು. "ಆಣಿ ಚೆಂಡೂ ಪವ್ಯಾಕಡೇ... ಪವ್ಯಾ ಪುಢೇ ಗೇಲಾ, ಮುಂದ ಹೋದಾ... ಪವ್ಯಾ ಒಳಗ ಹೊಕ್ಕಾ ನೋಡ್ರಿ, ಹೋಗ ಮಗನ, ಹೋಗ..."

ಅಲ್ಲಿಗೆ ನಿಂತುಬಿಟ್ಟಿತು.

ಕರ್ಣೆಯಲ್ಲಿ ಗುಂಯ್ ಎನ್ನುವುದೊಂದೇ ಶಬ್ದ. ಕೆಳಗೆ ಚೆಂಡು ಹಿಡಿದ ಹುಡುಗ ಕಾಲ ಕೆಳಗೆ ಅದನ್ನು ಒತ್ತಿ ನಿಂತ. ಎದುರು ತಂಡದವನು ಕಸಿದುಕೊಳ್ಳಲಿಲ್ಲ. ರೆಫರಿ ಸೀಟಿ ಊದಲಿಲ್ಲ. ಎಲ್ಲರೂ ನಮ್ಮ ಮಾಳಿಗೆಯತ್ತ ಮುಖ ಎತ್ತಿದ್ದರು. ಕಾಕಾ ಮೈಕು ಹಿಡಿದುಕೊಂಡು ಹಾಗೇ ನಿಂತಿದ್ದರು, ಯಾರೋ ಬಡಿದಂತೆ.

ಪಕ್ಕದ ಮನೆಯ ಬಾಗಿಲು ತೆರೆದ ಸಪ್ಪಳ. ನಮ್ಮ ಮೆಟ್ಟಿಲ ಮೇಲೆ ಹೆಜ್ಜೆ. ಕಾಕಿ ಬರಿಗಾಲಲ್ಲಿ ಏರಿ ಬಂದರು, ಕೈಗೆ ಹಿಟ್ಟು ಮೆತ್ತಿತ್ತು. ಮೈಕು ಕಿತ್ತು ಎಸೆಯುತ್ತಾರೆ ಎಂದೇ ಹೆದರಿದೆ. ಕಾಕಿ ಗಂಡನ ಮುಖ ನೋಡಿದರು. ಆಮೇಲೆ ಮಾಳಿಗೆಯ ಅಂಚಿನ ಕಟಾಂಜನಕ್ಕೆ ಬಂದು, ಜೀವನದಲ್ಲಿ ಮೊದಲ ಸಲ, ಆ ಮೈದಾನದ ಆಟದತ್ತ ಕಣ್ಣು ಹಾಯಿಸಿದರು.

"ಈಗ ಚೆಂಡು ಯಾರ ಕಡೆ ಐತ್ರಿ?" ಎಂದು ಕೇಳಿದರು.

ಕಾಕಿ ಕಾಯುತ್ತ ನಿಂತರು. ಕಡೆಗೆ ಕಾಕಾ ಮೈಕು ಬಾಯಿಗೆ ತಂದು ಆ ಹೊಸ ಹುಡುಗನ ಹೆಸರು ಹೇಳಿದರು. ಅವನು ಕೆಳಗಿನಿಂದ ಕೈ ಎತ್ತಿದ. ಆಟ ಮುಂದುವರಿಯಿತು. ಅಂದು ನಮ್ಮವರು ಸೋತರು. ಕಾಕಾ ಮೆಟ್ಟಿಲು ಇಳಿಯುವಾಗಲೂ ಗೋಲ್‌ಕೀಪರನನ್ನು ಬೈಯುತ್ತಲೇ ಇದ್ದರು, ಕಾಕಿ "ಸಾಕ್ ಮಾಡ್ರಿ, ಸಣ್ಣ ಹುಡುಗ ಅದು" ಎನ್ನುತ್ತಿದ್ದರು. ಅವರಿಬ್ಬರ ನಡುವೆ ನನ್ನ ಮಧ್ಯಸ್ಥಿಕೆ ಅಂದಿಗೆ ಮುಗಿಯಿತು.

ಆಮೇಲಿನ ಕೆಲವು ವಾರಗಳನ್ನು ನೆನೆದರೆ ಈಗಲೂ ಹಿತವಾಗುತ್ತದೆ. ಪ್ರತಿ ಆಟಕ್ಕೂ ಇಬ್ಬರೂ ನಮ್ಮ ಮಾಳಿಗೆಗೆ ಬರುತ್ತಿದ್ದರು. ಕಾಕಿ ಡಬ್ಬಿಯಲ್ಲಿ ಚುರುಮುರಿ ತರುತ್ತಿದ್ದರು. ಕೈಯಿಂದ ಮುಟ್ಟಿದರೆ ಯಾಕೆ ತಪ್ಪು, ಆ ಹುಡುಗನಿಗೆ ಹಳದಿ ಚೀಟಿ ಯಾಕೆ ತೋರಿಸಿದರು ಎಂದು ಕೇಳುತ್ತಿದ್ದರು. ಕಾಕಾ ಮೈಕು ಮುಚ್ಚಿಕೊಂಡು ತಿಳಿಸಿ ಹೇಳುತ್ತಿದ್ದರು. ಒಮ್ಮೆ ಮುಚ್ಚುವುದು ಮರೆತು ಗಂಡ ಹೆಂಡಿರ ವಾದ ಊರಿಗೆಲ್ಲ ಕೇಳಿಸಿತ್ತು...

ಯುಗಾದಿಯ ಹೊತ್ತಿಗೆ ರೋಗ ಮತ್ತೆ ಬಂತು. ಗೇಟಿಗೆ ಮತ್ತೆ ಬಿದಿರು. ಈ ಸಲ ಕಾಕಾಗೆ ರೋಗ ಹತ್ತಿ ಉಸಿರು ಕಟ್ಟತೊಡಗಿತು. ನಮ್ಮ ಯಜಮಾನರೇ ಗಾಡಿಯಲ್ಲಿ ಆಸ್ಪತ್ರೆಗೆ ಬಿಟ್ಟು ಬಂದರು. ಮೂಗು ಬಾಯಿಗೆ ಮಾಸ್ಕು ಹಾಕಿದ್ದರಿಂದ ಮಾತಾಡಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಲ್ಲಿನ ನರ್ಸಮ್ಮ ಫೋನು ಹಚ್ಚಿ ಅವರ ಕಿವಿಗೆ ಹಿಡಿಯುತ್ತಿದ್ದಳು. ಕಾಕಿ ನಮ್ಮ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ನಳಕ್ಕೆ ನೀರು ಬಂದದ್ದು, ಪೇರಲ ಗಿಡ ಕಾಯಿ ಹಿಡಿದದ್ದು, ಇಚಲಕರಂಜಿಯಲ್ಲಿರುವ ಮಗಳ ಓಣಿಯಲ್ಲಿ ಮಗ್ಗಗಳು ಮತ್ತೆ ನಿಂತದ್ದು... ಆ ಕಡೆಯಿಂದ ಬರುತ್ತಿದ್ದದ್ದು ಉಸಿರಿನ ಸಪ್ಪಳ ಮಾತ್ರ. ಒಂದು ಬೆಳಿಗ್ಗೆ ಫೋನು ಬಂದಾಗ ನರ್ಸಮ್ಮನೇ ಮಾತಾಡಿದಳು.

ತಂಡದ ಹುಡುಗರು ಓಡಾಡಿ ಪರವಾನಗಿ ತಂದರು. ಆಸ್ಪತ್ರೆಯವರು ಕೊಟ್ಟ ಮೈಮುಚ್ಚುವ ನೀಲಿ ಅಂಗಿ ತೊಟ್ಟು ಕಾಕಾನನ್ನು ತಾವೇ ಹೊತ್ತು, ಅವರ ಹೊಲದಲ್ಲಿ ಮಣ್ಣು ಮಾಡಿದರು. ಕಾಕಿಯನ್ನು ದೂರ ನಿಲ್ಲಿಸಿದ್ದರು. ಕ್ಯಾಪ್ಟನ್ ಅವರ ಕೈಯಿಂದ ಹಿಡಿ ಮಣ್ಣು ಇಸಿದುಕೊಂಡು ಹೋಗಿ ಹಾಕಿ ಬಂದ.

ಈಗ ಕಾಕಿ ಇಚಲಕರಂಜಿಯಲ್ಲಿ ಮಗಳ ಹತ್ತಿರ ಇದ್ದಾರೆ. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಮೈದಾನ ದೀಪಾವಳಿಗೆ ಮೊದಲಿನಂತೆಯೇ ತುಂಬುತ್ತದೆ. ಕೊಲ್ಲಾಪುರದಿಂದ ದೊಡ್ಡ ದೊಡ್ಡ ಸ್ಪೀಕರ್ ತರಿಸುತ್ತಾರೆ, ಗೋಲು ಆದರೆ ಹಾಡು ಹಚ್ಚುತ್ತಾರೆ.

ಹೋದ ದೀಪಾವಳಿಗೆ ಕಾಕಿ ಬಂದಿದ್ದರು. ಮಾಳಿಗೆ ಬೇಡ, ಮೈದಾನಕ್ಕೇ ಹೋಗೋಣ ಎಂದರು. ಗಂಡಸರ ಗದ್ದಲದಲ್ಲಿ ನಾವಿಬ್ಬರೂ ಹೆಂಗಸರು ಒಂದು ಮೂಲೆಯಲ್ಲಿ ಕೂತೆವು. ನಮ್ಮ ಓಣಿಯವರು ಗೋಲು ಹೊಡೆದರು. ಎಲ್ಲರೂ ಎದ್ದರು, ಕಾಕಿಯೂ ಮಂಡಿ ಹಿಡಿದುಕೊಂಡು ಎದ್ದರು. ಹಾಡು ಕಿವಿ ಒಡೆಯುವಂತಿತ್ತು. ಅವರು ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದರು.

"ಯಾರ ಹೊಡದ್ರು ತಂಗಿ?"

ಹುಡುಗರೆಲ್ಲ ಹೊಸಬರು. "ಗೊತ್ತಾಗಲಿಲ್ಲ ಕಾಕಿ" ಎಂದೆ.

ಅವರು ತಲೆಯಾಡಿಸಿ, ಸೆರಗು ಸರಿ ಮಾಡಿಕೊಂಡು ಮತ್ತೆ ಕೂತರು. ಹೆಸರು ಹೇಳುವವರು ಈಗ ಇಲ್ಲ.